ಹದಿನಾರನೆಯ ಭಾಗ

ಹೋದ ವಾರ ಮಾರ್ಕೆಟ್ಟಿನಿಂದ ನಿಂಬೆಹಣ್ಣು ಕೊಂಡು ಬರುತ್ತಿದ್ದವಳು ದೇವರಾಜ ಮೊಹಲ್ಲಾದ ಒಂದು ಗೋಡೆಯ ಬಳಿ ಸುಮ್ಮನೆ ನಿಂತುಬಿಟ್ಟೆ. ಸಿನಿಮಾ ಪೋಸ್ಟರ್ ಅಂಟಿಸುವವನೊಬ್ಬ ಮೂರು ಕಲ್ಲಿಟ್ಟು, ಎಣ್ಣೆ ಡಬ್ಬದಲ್ಲಿ ಮೈದಾ ಅಂಟು ಕುದಿಸುತ್ತಿದ್ದ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕೋಲಿನಿಂದ ತಿರುವುತ್ತಿದ್ದ. ಬೆಂದ ಹಿಟ್ಟಿನ ಮೆತ್ತನೆಯ ವಾಸನೆ, ಅದರ ಹಿಂದೆಯೇ ನಾಲಿಗೆಯ ತುದಿಗೆ ಒಗರು ತರುವ ಇನ್ನೊಂದು ವಾಸನೆ. ಅದನ್ನು ಮೂಗಿಗೆ ಹಿಡಿದು ಎಷ್ಟೋ ವರ್ಷವಾಗಿತ್ತು.

"ಏನಮ್ಮ, ಯಾವ ಮನೆ ಬೇಕಿತ್ತು?" ಎಂದು ಅವನು ಕೇಳಿದ.

ಯಾವ ಮನೆಯೂ ಬೇಡಪ್ಪ ಎಂದು ಮುಂದೆ ಬಂದೆ. ನಿಜ ಹೇಳಬೇಕೆಂದರೆ ಅಲ್ಲಿಂದ ಮೂರನೆಯ ತಿರುವಿನಲ್ಲಿ ಒಂದು ಅಂಗಡಿ ಇತ್ತು. ಈಗ ಅಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಗೋಪುರದ ಹಾಗೆ ಜೋಡಿಸಿಟ್ಟಿದ್ದಾರೆ. ಆಗ ಅದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಅದರ ಯಜಮಾನರನ್ನು ನಾವು ರಟ್ಟಿನಯ್ಯನವರು ಎನ್ನುತ್ತಿದ್ದೆವು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಯಾರೂ ಕರೆದದ್ದು ನಾನು ಕೇಳಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ ಅದು. ನನಗೆ ಮದುವೆಯಾಗಿ ಒಂದೂವರೆ ವರ್ಷ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾದ ಹೆಡ್ಮಿಸ್ಟ್ರೆಸ್ ಇದ್ದರು. ಮದುವೆಯಾಗಿರಲಿಲ್ಲ, ಬಿಳಿಯ ಸೀರೆಗೆ ಒಂದು ಸುಕ್ಕು ಬೀಳಗೊಡುತ್ತಿರಲಿಲ್ಲ. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಸುತ್ತಮುತ್ತಲ ಹೆಂಗಸರನ್ನು ಕಲೆಹಾಕಿ ಶನಿವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ಓದಿನ ಕೂಟ ಎಂದು ಶುರುಮಾಡಿದರು. ಹಳೆಯ, ಒಳ್ಳೆಯ ಕಾದಂಬರಿಗಳನ್ನು ಓದಿ ಮಾತಾಡಬೇಕು, ಊರ ಮಾತು ಆಡಕೂಡದು ಎಂಬುದು ನಿಯಮ. ನಾವು ಎಂಟು ಜನ ಸೇರಿದೆವು. ಊರ ಮಾತು ಆಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಓದಿದೆವು ಎಂಬುದೂ ನಿಜ.

ಮೊದಲು ಕೈಗೆತ್ತಿಕೊಂಡದ್ದು ಹೆಡ್ಮಿಸ್ಟ್ರೆಸ್ಸರ ತಂದೆಯ ಕಪಾಟಿನಲ್ಲಿದ್ದ ಒಂದು ದಪ್ಪ ಕಾದಂಬರಿ. ಐನೂರು ಪುಟ ದಾಟಿತ್ತು, ನಾವೆಲ್ಲ ಹುಟ್ಟುವ ಮೊದಲೇ ಅಚ್ಚಾದದ್ದು. ಹೆಡ್ಮಿಸ್ಟ್ರೆಸ್ಸರೂ ಅದನ್ನು ಓದಿರಲಿಲ್ಲ. ಮಕ್ಕಳು ಓದುವಂಥದ್ದಲ್ಲ ಎಂದು ತಂದೆ ಮೇಲಿನ ಅರೆಯಲ್ಲಿಟ್ಟದ್ದು ಅವರು ತೀರಿಕೊಂಡ ಮೇಲೂ ಅಲ್ಲೇ ಇತ್ತಂತೆ. ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದೆಂದು ಮೊದಲು ಮಾಡಿದೆವು. ಹೆಡ್ಮಿಸ್ಟ್ರೆಸ್ ಓದಿದರೆ ಉಕ್ತಲೇಖನ ಕೊಟ್ಟ ಹಾಗಿರುತ್ತಿತ್ತು. ಪ್ರೇಮದ ಮಾತು ಬಂದಲ್ಲಿಯೂ ಪೂರ್ಣವಿರಾಮಕ್ಕೆ ತಪ್ಪದೆ ನಿಲ್ಲುತ್ತಿದ್ದರು. ಎರಡೇ ವಾರಕ್ಕೆ ಅದು ನಿಂತಿತು.

ಆಗ ಉಪಾಯ ಹೇಳಿದವರು ರಟ್ಟಿನಯ್ಯನವರು. ಪುಸ್ತಕದ ಬೆನ್ನು ಹೇಗೂ ಬಿಚ್ಚಿಹೋಗಿತ್ತು, ರಿಪೇರಿಗೆಂದು ನಾನೇ ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ತಿರುಗಿಸಿ ನೋಡಿ, ಕನ್ನಡಕ ಹಣೆಗೇರಿಸಿ, ಎಂಟು ಜನಕ್ಕೆ ಒಂದು ಪುಸ್ತಕವೇ ಎಂದು ನಕ್ಕರು.

"ಇದ್ರ ಹೊಲಿಗೆ ಸತ್ತೋಗದೆ ತಾಯಿ. ಬಿಚ್ಚಿ ಹದಿನಾರು ಭಾಗ ಮಾಡ್ಬುಡ್ತೀನಿ. ವಾರಕ್ಕೊಂದು ಭಾಗ ಹೊಲ್ದು ಕೊಡ್ತೀನಿ, ಮನೆಯಿಂದ ಮನೆಗೆ ಹೋಗ್ಲಿ. ಎಲ್ಲಾರ್ದೂ ಆದ್ಮೇಲೆ ಮತ್ತೆ ಒಂದ್ ಪುಸ್ತಕ ಮಾಡ್ತೀನಿ. ಒಂದ್ ಹಾಳೆ ಆಚೀಚೆ ಆಗಾಕಿಲ್ಲ."

ಆ ಕೊನೆಯ ಮಾತನ್ನು ಹೆಡ್ಮಿಸ್ಟ್ರೆಸ್ಸರಿಗೆ ಹಾಗೆಯೇ ಒಪ್ಪಿಸಿದೆ. ತಂದೆಯ ಪುಸ್ತಕವನ್ನು ಬಿಚ್ಚಿಸಲು ಅವರಿಗೆ ಮನಸ್ಸಿರಲಿಲ್ಲ. ಆದರೆ ರಟ್ಟಿನಯ್ಯನವರ ಕೈಯಿಂದ ಒಂದು ಹಾಳೆ ಕಳೆದದ್ದನ್ನು ಮೊಹಲ್ಲಾದಲ್ಲಿ ಯಾರೂ ಕಂಡಿರಲಿಲ್ಲ. ಶಾಲೆಗಳ ರಿಜಿಸ್ಟರು, ಕಚೇರಿಯ ಕಡತ, ಮಠದವರ ಹಳೆಯ ಕೈಬರಹದ ಹೊತ್ತಿಗೆ ಎಲ್ಲ ಅವರಲ್ಲಿಗೇ ಬರುತ್ತಿದ್ದವು. ಪ್ರತಿ ಕಟ್ಟಿಗೂ ಒಂದು ಚೀಟಿ. ಅದರಲ್ಲಿ ಮೂರು ಸಾಲು: ಯಾರದು, ಏನು ಕೆಲಸ, ಕೊಡುವ ದಿನ. ಹೇಳಿದ ದಿನಕ್ಕೆ ಹೋದರೆ ಕಟ್ಟು ಸಿದ್ಧವಾಗಿರುತ್ತಿತ್ತು. ಅವರ ಹತ್ತಿರ ಇದ್ದ ಆಸ್ತಿಯೆಂದರೆ ಆ ಹೆಸರು ಒಂದೇ.

ಹೀಗೆ ನಮ್ಮ ಓದು ನಡೆಯಿತು. ಶನಿವಾರ ಬೆಳಿಗ್ಗೆ ಅಂಗಡಿಯಿಂದ ಹೊಸ ಭಾಗ ತರುವುದು ನನ್ನ ಕೆಲಸ, ನಮ್ಮ ಮನೆ ಹತ್ತಿರವಾದ್ದರಿಂದ. ಮಧ್ಯಾಹ್ನ ಅದು ಹೆಡ್ಮಿಸ್ಟ್ರೆಸ್ಸರ ಕೈಗೆ ಹೋಗುತ್ತಿತ್ತು. ಮುಂದಿನ ಶನಿವಾರ ಅವರಿಂದ ಎರಡನೆಯ ಮನೆಗೆ, ಅಲ್ಲಿಂದ ಮೂರನೆಯದಕ್ಕೆ. ನನ್ನದು ಐದನೆಯ ಮನೆ. ಅಂದರೆ ನಾನೇ ಹೊತ್ತು ತಂದ ಭಾಗವನ್ನು ಓದಲು ನಾನು ನಾಲ್ಕು ವಾರ ಕಾಯಬೇಕಿತ್ತು. ಮುಂದೆ ಓದಿದವರು ಹಿಂದಿನವರಿಗೆ ಕಥೆ ಹೇಳಕೂಡದು ಎಂಬ ಇನ್ನೊಂದು ನಿಯಮವೂ ಇತ್ತು. ಎರಡನೆಯ ಮನೆಯವರು ಹೇಳುತ್ತಿರಲಿಲ್ಲ, ಬರೀ ನಿಟ್ಟುಸಿರು ಬಿಡುತ್ತಿದ್ದರು. ಅದು ಹೇಳುವುದಕ್ಕಿಂತ ಕೆಟ್ಟದ್ದು.

ನಮ್ಮ ಎಂಟು ಜನರಿಗಿಂತ ಮೊದಲು ಓದುತ್ತಿದ್ದವರು ಒಬ್ಬರಿದ್ದರು ಎಂದು ನನಗೆ ತಿಳಿದದ್ದು ಐದಾರು ವಾರ ಕಳೆದ ಮೇಲೆ. ರಟ್ಟಿನಯ್ಯನವರು ಜೀವಮಾನದಲ್ಲಿ ಕಾದಂಬರಿ ಓದಿದವರಲ್ಲ. ಬೆಳಗಾಗೆದ್ದು ವಿಭೂತಿ ಹಚ್ಚಿ, ಅಂಗಡಿ ತೆರೆದು, ಪುಟದ ನಂಬರು ನೋಡಿ ಹೊಲಿಯುತ್ತಿದ್ದರೇ ಹೊರತು ಒಳಗಿನ ಅಕ್ಷರ ನೋಡುತ್ತಿರಲಿಲ್ಲ. ಮೂರನೆಯ ಭಾಗ ಹೊಲಿಯುವಾಗ ಒಂದು ಸಾಲು ಕಣ್ಣಿಗೆ ಬಿದ್ದಿತಂತೆ. ಅಲ್ಲಿಂದ ಬಿಡಲಾಗಲಿಲ್ಲ.

"ಆ ಹುಡುಗಿ ತವರಿಗೆ ಹಂಗ್ ಹೊರಟ್ಬುಡಬಾರ್ದಿತ್ತು ಕಣ್ ತಾಯಿ," ಎಂದು ಒಂದು ಶನಿವಾರ ಇದ್ದಕ್ಕಿದ್ದ ಹಾಗೆ ಹೇಳಿದರು.

"ಅಯ್ಯೋ, ಹೇಳ್ಬೇಡಿ! ನಾನಿನ್ನೂ ಅಲ್ಲಿಗೆ ಬಂದಿಲ್ಲ," ಎಂದು ಕೂಗಿದೆ.

ಅವರು ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡರು. ಅಂದಿನಿಂದ ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಟವಲು ಬಾಯಿಗೆ ಹೋಗುತ್ತಿತ್ತು. ನನಗೆ ನಗು. ನಾನು ಓದಿ ಮುಗಿಸಿದ ಭಾಗದ ಬಗ್ಗೆ ಮಾತ್ರ ಮಾತಾಡುವುದೆಂದು ಒಪ್ಪಂದವಾಯಿತು. ಅವರು ಮುಂದಿನದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ನಾಲ್ಕು ವಾರದ ಹಿಂದಿನ ಕಥೆಗೆ ಬಂದು, ನನ್ನ ಜೊತೆ ಹೊಸದಾಗಿ ಆಶ್ಚರ್ಯಪಡುತ್ತಿದ್ದರು. ಕೂಟದ ಏಳು ಜನರ ಹತ್ತಿರ ಆಡಿದ್ದಕ್ಕಿಂತ ಹೆಚ್ಚಿನ ಮಾತು ಆ ಅಂಗಡಿಯ ಮೆಟ್ಟಿಲ ಮೇಲೆ ಆಗಿದೆ. ನನ್ನನ್ನು ಅವರು ಕರೆಯುತ್ತಿದ್ದದ್ದು ಐದನೇ ಮನೆ ತಾಯಿ ಎಂದು.

ಅಷ್ಟರಲ್ಲಿ ನಾನು ಬಸುರಿ ಎಂಬುದು ನೋಡಿದವರಿಗೆಲ್ಲ ತಿಳಿಯುವಂತಾಗಿತ್ತು. ಚೊಚ್ಚಲು. ಮನೆಯಲ್ಲಿ ಅತ್ತೆಯವರ ಕಟ್ಟುಪಾಡು ಜೋರಾಯಿತು. ಸಾವಿನ ಮನೆಯ ಕಡೆ ತಲೆ ಹಾಕಬಾರದು, ಸಾವಿನ ಸುದ್ದಿಯನ್ನು ನನ್ನೆದುರು ಯಾರೂ ಎತ್ತಬಾರದು. ಅತ್ತೆಯವರ ಸ್ವಂತ ಅಣ್ಣ ತೀರಿಕೊಂಡದ್ದನ್ನೇ ನನಗೆ ಎರಡು ತಿಂಗಳು ತಡವಾಗಿ ಹೇಳಿದರು. ಕಾದಂಬರಿ ಮಾತ್ರ ಹೇಗೋ ಅವರ ಕಣ್ಣು ತಪ್ಪಿಸಿತ್ತು. ಓದುತ್ತಾ ಕೂತರೆ ಓಡಾಡದೆ ತೆಪ್ಪಗಿರುತ್ತಾಳೆ ಎಂದುಕೊಂಡರೋ ಏನೋ. ಅವರೇ ಒಮ್ಮೆ, ರಟ್ಟಿನಯ್ಯನವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಯಲ್ಲಿ ಹೋದಳು ಎಂದು ಯಾರಿಗೋ ಹೇಳುತ್ತಿದ್ದರು. ನಾನು ಬಂದದ್ದು ಕಂಡು ಮಾತು ತಿರುಗಿಸಿದರು. ನಾನೂ ಕೇಳಿ ಮರೆತೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯ ಸಾವು ಎಷ್ಟು ಹೊತ್ತು ನೆನಪಿರುತ್ತದೆ...

ಹದಿನಾರನೆಯ ಶನಿವಾರ ಬಂತು. ಹೆಡ್ಮಿಸ್ಟ್ರೆಸ್ ಕೊನೆಯ ಭಾಗಕ್ಕೆ ಕಾಯುತ್ತಿದ್ದರು. ನಾನು ಆಗ ಹನ್ನೊಂದನ್ನು ಮುಗಿಸಿ ಹನ್ನೆರಡಕ್ಕೆ ಕಾಯುತ್ತಿದ್ದೆ. ಕಥೆಯಲ್ಲಿ ಆ ಹುಡುಗಿಗೂ ದಿನ ತುಂಬುತ್ತಾ ಬರುತ್ತಿತ್ತು. ಗಂಡ ಊರು ಬಿಟ್ಟು ಹೋದವನು ಹಿಂದಿರುಗುತ್ತಾನೆಯೇ ಇಲ್ಲವೇ ಎಂದು ನನಗೆ ನಿದ್ದೆಯಿಲ್ಲ. ನನ್ನ ಹಾಗೆಯೇ ಇರುವ ಇನ್ನೊಬ್ಬಳು ಆ ಪುಟಗಳೊಳಗೆ ಇದ್ದಾಳೆ, ಅವಳು ಗೆದ್ದರೆ ನಾನೂ ಗೆದ್ದಂತೆ ಎಂದು ಯಾಕೋ ಅನ್ನಿಸಿಬಿಟ್ಟಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ರಟ್ಟಿನಯ್ಯನವರಿಗೆ ಮಾತ್ರ ಒಂದು ಸಲ ಬಾಯಿ ತಪ್ಪಿ ಹೇಳಿದ್ದೆ. ಅವರು ನೂಲಿಗೆ ಮೇಣ ಉಜ್ಜುತ್ತಿದ್ದವರು ಉಜ್ಜುತ್ತಲೇ ಇದ್ದರು.

ಅಂದು ಅಂಗಡಿಗೆ ಹೋದರೆ ಟವಲು ಬಾಯಿಗೆ ಹೋಗಲಿಲ್ಲ. ಕೈಯಲ್ಲಿ ಕೆಲಸವೂ ಇರಲಿಲ್ಲ.

"ಕಳೆದೋಯ್ತು ತಾಯಿ," ಎಂದರು.

"ಏನು?"

"ಕೊನೇ ಭಾಗ. ಎಲ್ಲಾ ಕಡೆ ಹುಡುಕ್ಬುಟ್ಟೆ. ಸಿಗ್ಲಿಲ್ಲ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆಯ ಮುಖವಲ್ಲ. ಹೆಡ್ಮಿಸ್ಟ್ರೆಸ್ಸರಿಗೆ ಸುದ್ದಿ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರ ಹಿಂದೆ ನಾನು, ನನ್ನ ಹಿಂದೆ ಎರಡನೆಯ ಮನೆಯವರು. ಅಂಗಡಿ ಬೀದಿಯಲ್ಲಿ ಮೂವರು ಹೆಂಗಸರು ಹೀಗೆ ಸಾಲಾಗಿ ಬಂದರೆ ಜನ ನೋಡದೆ ಇರುತ್ತಾರೆಯೇ. ಎದುರು ಬಳೆ ಅಂಗಡಿಯವರು ಎದ್ದು ನಿಂತರು, ಪಕ್ಕದ ಗಂಧದಕಡ್ಡಿ ಅಂಗಡಿಯವರು ಹೊರಗೆ ಬಂದರು.

"ನಮ್ಮ ತಂದೆಯವರ ಪುಸ್ತಕ ಅದು," ಎಂದರು ಹೆಡ್ಮಿಸ್ಟ್ರೆಸ್. ಅಷ್ಟೇ ಹೇಳಿದ್ದು. ರಟ್ಟಿನಯ್ಯನವರು ಕೈಮುಗಿದು ನಿಂತಿದ್ದರು. ತಪ್ಪಾಯ್ತು ತಾಯಿ ಎಂದರು. ಎಲ್ಲಿ ಕಳೆಯಿತು, ಹೇಗೆ ಕಳೆಯಿತು ಎಂದರೂ ಮತ್ತೆ ಅದೇ, ತಪ್ಪಾಯ್ತು. ಮಳೆಗೆ ನೆನೆಯಿತೇ, ರದ್ದಿಗೆ ಹೋಯಿತೇ ಎಂದು ಎರಡನೆಯ ಮನೆಯವರೇ ಕಾರಣಗಳನ್ನು ಒದಗಿಸಿದರು. ರಟ್ಟಿನಯ್ಯನವರು ಯಾವುದಕ್ಕೂ ಹೂಂ ಎನ್ನಲಿಲ್ಲ.

ಹೆಡ್ಮಿಸ್ಟ್ರೆಸ್ ಅಲ್ಲಿಗೆ ಬಿಟ್ಟಿದ್ದರು. ಬಿಡದವಳು ನಾನು. ಹದಿನಾರು ವಾರ ಕಾದ ಸಿಟ್ಟು, ಮುಂದೇನಾಯಿತು ಎಂದು ಇನ್ನು ತಿಳಿಯುವುದೇ ಇಲ್ಲ ಎಂಬ ಸಂಕಟ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಒಂದು ಭಾಗ ಕಾಪಾಡುವುದಕ್ಕೆ ಆಗದವರು ಊರಿನವರ ಪುಸ್ತಕ ಯಾಕೆ ಇಟ್ಟುಕೊಳ್ಳುತ್ತೀರಿ ಎಂದೆ. ಆ ಮಾತಿಗೆ ಅವರು ತಲೆ ಎತ್ತಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

"ಈ ಕೆಲ್ಸ ಬಿಟ್ಬುಡಿ ಅಯ್ಯನೋರೇ. ನಿಮ್ ಕೈಲಿ ಆಗಲ್ಲ," ಎಂದು ಬೀದಿಗೆ ಕೇಳುವಂತೆ ಹೇಳಿದೆ.

ಅವರು ಒಳಗಿನಿಂದ ತಮ್ಮ ಮಣೆಯನ್ನು ತಂದು, ಮೆಟ್ಟಿಲ ಮೇಲೆ ಇಟ್ಟು, ಟವಲಿನಿಂದ ಒರೆಸಿದರು.

"ಕೂತ್ಕೊ ತಾಯಿ. ನಿಂತ್ಕೋಬ್ಯಾಡ, ಸುಸ್ತಾಯ್ತದೆ."

ನಾನು ಕೂರಲಿಲ್ಲ. ತಿರುಗಿ ನೋಡದೆ ಬಂದೆ.

ಆಮೇಲೆ ನಾನು ಹೇಳಿದ ಹಾಗೆಯೇ ಆಯಿತು. ಹೆಡ್ಮಿಸ್ಟ್ರೆಸ್ ಚಾಡಿ ಹೇಳುವ ಜಾತಿಯಲ್ಲ, ಆದರೆ ಶಾಲೆಯವರು ಕೇಳಿದಾಗ ನಡೆದದ್ದನ್ನು ಮುಚ್ಚಿಡಲೂ ಇಲ್ಲ. ರಿಜಿಸ್ಟರುಗಳು ಬೇರೆ ಅಂಗಡಿಗೆ ಹೋದವು. ನಮ್ಮ ಹದಿನೈದು ಭಾಗಗಳನ್ನೂ ಬೇರೊಬ್ಬರು ಕೆಂಪು ಕ್ಯಾಲಿಕೊ ಬಟ್ಟೆ ಹಾಕಿ ಬೈಂಡ್ ಮಾಡಿಕೊಟ್ಟರು. ಕೊನೆಯಿಲ್ಲದ ಕಥೆಯ ಬಗ್ಗೆ ಎಷ್ಟು ಮಾತಾಡಲು ಸಾಧ್ಯ. ಕೂಟ ಇನ್ನೆರಡು ಪುಸ್ತಕ ಓದಿ ನಿಂತಿತು. ಹೆಡ್ಮಿಸ್ಟ್ರೆಸ್ ತಮ್ಮನ ಮನೆಗೆಂದು ಊರು ಬಿಡುವಾಗ, ನೀನೇ ಹೆಚ್ಚು ಆಸೆಪಟ್ಟವಳು ಇಟ್ಟುಕೋ ಎಂದು ಆ ಕೆಂಪು ಪುಸ್ತಕವನ್ನು ನನಗೆ ಕೊಟ್ಟರು.

ಇದರ ನಡುವೆ ನನಗೆ ಹೆರಿಗೆಯಾಗಿತ್ತು. ಸುಲಭದ್ದಲ್ಲ. ಎರಡು ದಿನ ನೋವು ತಿಂದೆ, ಆದರೆ ಇಬ್ಬರೂ ಉಳಿದೆವು. ಹೆಣ್ಣು ಮಗು. ತವರುಮನೆಯೂ ಎರಡು ಬೀದಿಯ ಆಚೆಯೇ. ಬಾಣಂತನ ಮುಗಿಸಿ, ಮೂರು ತಿಂಗಳಲ್ಲಿ ಅಲ್ಲಿಯೇ ನಾಮಕರಣ ಇಟ್ಟುಕೊಂಡರು. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಂಗಸರೆಲ್ಲ ಹಾಡುತ್ತಿರುವಾಗ ಅಮ್ಮ ನನ್ನ ಕಿವಿಯಲ್ಲಿ, "ಆ ರಟ್ಟಿನಯ್ಯ ಬಂದವ್ರೆ ಕಣೇ. ಬಾಗಿಲಲ್ಲೇ ನಿಂತವ್ರೆ. ಕೈಲೇನೋ ಪೊಟ್ಟಣ ಐತೆ," ಎಂದರು.

ನಾನು ಜರಿ ಸೀರೆ ಉಟ್ಟು, ಮಡಿಲು ತುಂಬಿಸಿಕೊಂಡು ಕೂತಿದ್ದೆ. ಮಗುವಿಗೆ ಏನೋ ಉಡುಗೊರೆ ತಂದು ರಾಜಿ ಮಾಡಿಕೊಳ್ಳಲು ಬಂದಿದ್ದಾರೆ ಎಂದುಕೊಂಡೆ. ಹಾಗೆ ರಾಜಿಯಾಗುವ ಮನಸ್ಸು ನನಗಿರಲಿಲ್ಲ. "ಮಲ್ಗವ್ಳೆ ಅಂತ ಹೇಳಮ್ಮ," ಎಂದೆ.

ಅಮ್ಮ ಹಾಗೆಯೇ ಹೇಳಿದರು. ಹಾಡಿನ ಸದ್ದು ಬೀದಿಗೆಲ್ಲ ಕೇಳುತ್ತಿತ್ತು, ಅದರ ನಡುವೆ ಬಾಣಂತಿ ಮಲಗಿದ್ದಾಳೆ ಎಂದರೆ ನಂಬುವವರು ಯಾರು. ಅವರು ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಾ ಎಂದು ಕೇಳಿದರಂತೆ. ಚೆನ್ನಾಗಿದ್ದಾರೆ ಎಂದಾಗ, "ಅಷ್ಟಾದ್ರೆ ಸಾಕು ಬುಡಿ," ಎಂದು ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರಂತೆ.

ಮತ್ತೆ ಅವರು ಬರಲಿಲ್ಲ. ನಾನೂ ಹೋಗಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕಾದರೆ ಒಂದು ಸುತ್ತು ಹೆಚ್ಚಾದರೂ ಬೇರೆ ಬೀದಿ ಹಿಡಿಯುತ್ತಿದ್ದೆ. ಒಮ್ಮೆ ಮಾತ್ರ ಮರೆತು ಆ ದಾರಿಯಲ್ಲಿ ಬಂದುಬಿಟ್ಟೆ. ಅಂಗಡಿ ತೆರೆದಿತ್ತು. ಅವರು ಮದುವೆ ಕರೆಯೋಲೆಯ ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದರು. ಹೊಲಿಯುವ ಕೆಲಸ ಒಂದೂ ಕಾಣಲಿಲ್ಲ...

ಮಗಳಿಗೆ ನಾಲ್ಕು ತುಂಬಿದಾಗ ಅವರು ತೀರಿಕೊಂಡರು. ಸುದ್ದಿ ಕೇಳಿದೆ, ಪಾಪ ಎಂದೆ, ಕೆಲಸ ನೋಡಿಕೊಂಡೆ. ಹದಿನೈದು ದಿನ ಕಳೆದ ಮೇಲೆ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದರು. ರಟ್ಟಿನಯ್ಯನವರ ತಮ್ಮನ ಹೆಂಡತಿ. ಅಂಗಡಿ ಖಾಲಿ ಮಾಡುತ್ತಿದ್ದಾರಂತೆ.

"ಐದನೇ ಮನೆ ತಾಯಿ ಅಂದ್ರೆ ನೀವೇ ತಾನೆ? ನಮ್ ಭಾವನೋರು ನಿಮ್ಮುನ್ನ ಹಂಗೇ ಅನ್ನೋರು," ಎಂದು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ಅವರ ಕೆಲಸದ ಪೆಟ್ಟಿಗೆಯಲ್ಲಿ, ದಬ್ಬಳ ಮತ್ತು ನೂಲಿನ ಕೆಳಗೆ ಇತ್ತಂತೆ.

ಕಂದು ಕಾಗದ ಬಿಚ್ಚಿದರೆ ಹದಿನಾರನೆಯ ಭಾಗ. ಹೊಲಿಗೆ, ತೆಳು ರಟ್ಟು, ಅಂಚು ಕತ್ತರಿಸಿದ್ದು, ಎಲ್ಲ ಉಳಿದ ಹದಿನೈದರಂತೆಯೇ. ಅದೇ ಅಂಟಿನ ವಾಸನೆ. ಮೇಲೆ ಅವರ ಚೀಟಿ, ಅವರ ಗುಂಡು ಅಕ್ಷರದ ಮೂರು ಸಾಲು.

ಯಾರದು: ಶನಿವಾರದ ಓದಿನ ಕೂಟ.

ಏನು ಕೆಲಸ: ಹದಿನಾರನೆ ಭಾಗ. ಹೊಲಿಗೆ ಆಗಿದೆ.

ಕೊಡುವ ದಿನ: ಐದನೆ ಮನೆ ತಾಯಿ ಬಾಣಂತನ ಮುಗಿಸಿ ಎದ್ದ ಮೇಲೆ.

ಹೊಸ್ತಿಲ ಒಳಗೇ ಕೂತು ಓದಿದೆ. ಬಹಳ ಓದಬೇಕಾಗಲಿಲ್ಲ. ಗಂಡ ಹಿಂದಿರುಗುತ್ತಾನೆ. ಅವನು ಬಾಗಿಲಿಗೆ ಬರುವ ಹೊತ್ತಿಗೆ ಆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ಸತ್ತಿರುತ್ತಾಳೆ. ಅದನ್ನು ಆರೇಳು ಪುಟ ಬಿಡದೆ ಬರೆದಿದ್ದಾರೆ, ಒಂದೊಂದು ಗಳಿಗೆಯನ್ನೂ, ಕೂಗನ್ನೂ, ಸೂಲಗಿತ್ತಿ ಕೈ ತೊಳೆಯುವುದನ್ನೂ. ಆ ಪುಟಗಳನ್ನು ರಟ್ಟಿನಯ್ಯನವರು ಓದಿದ್ದರು. ಅವರು ಹೇಗೆ ಓದಿದರೋ, ಓದಿ ಹೇಗೆ ಹೊಲಿದರೋ. ಹೆಡ್ಮಿಸ್ಟ್ರೆಸ್ಸರ ಕಿವಿಯಲ್ಲಿ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎಂಟು ಹೆಂಗಸರಲ್ಲಿ ಒಬ್ಬರಿಗೆ ತಿಳಿದರೂ ಎರಡನೆಯ ಮನೆಯ ನಿಟ್ಟುಸಿರಾದರೂ ನನಗೆ ತಲುಪುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ಕಳೆದುಹೋಯಿತು ಎಂದರೆ ಯಾರೂ ಮುಂದೆ ಕೇಳುವಂತಿಲ್ಲ. ತಮ್ಮ ಹೆಸರನ್ನು ತೆಗೆದಿಟ್ಟು ಆ ಒಂದು ಮಾತು ಹೇಳಿದರು. ಬಾಣಂತನ ಮುಗಿಯುವವರೆಗೆ ಮಾತ್ರ ಎಂದುಕೊಂಡಿದ್ದರು. ಅದನ್ನು ಕೊನೆಯವರೆಗೂ ಎಳೆದವಳು ನಾನು.

ನನಗೆ ಆ ದಿನ ಅಳು ಬರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತದೆ, ವಯಸ್ಸಾದರೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಆ ಭಾಗವನ್ನು ಕೆಂಪು ಪುಸ್ತಕಕ್ಕೆ ಸೇರಿಸಿ ಹೊಲಿಸಲು ಒಮ್ಮೆ ಹೊರಟೆ, ಅರ್ಧ ದಾರಿಯಿಂದ ವಾಪಸು ಬಂದೆ. ಅವರ ಹೊಲಿಗೆಯ ಮೇಲೆ ಇನ್ನೊಬ್ಬರ ದಬ್ಬಳ ಹೋಗುವುದು ಬೇಡವೆನಿಸಿತು. ಅದು ಬೀರುವಿನಲ್ಲಿ ಚೀಟಿಯ ಸಮೇತ ಬೇರೆಯಾಗಿಯೇ ಇತ್ತು. ವರ್ಷಗಳು ಕಳೆದು ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಹೊತ್ತು ಹೋಗುವುದಿಲ್ಲವೆಂದು ಕೆಂಪು ಪುಸ್ತಕ ಹಿಡಿದು ಕೂತವಳು ಒಂದು ವಾರದಲ್ಲಿ ಮುಗಿಸಿ, ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು.

"ಅಮ್ಮ, ಇದ್ರ ಕೊನೆ ಎಲ್ಲಿ?"

"ಕಳೆದೋಗಿದೆ ಕಣೇ," ಎಂದೆ.

"ಯಾರಮ್ಮ ಇದನ್ನ ಬೈಂಡ್ ಮಾಡಿದ್ದು? ಒಂದು ಭಾಗ ಜೋಪಾನ ಮಾಡಕ್ಕೆ ಆಗ್ಲಿಲ್ವಾ ಆ ಮನುಷ್ಯಂಗೆ?"

ಒಲೆಯ ಮೇಲಿನ ಹಾಲನ್ನು ಇಳಿಸಿದೆ.

"ಅವರು ಕಳೀಲಿಲ್ಲ," ಎಂದೆ. "ಅವರು ಜೋಪಾನವಾಗೇ ಇಟ್ಟಿದ್ರು. ಕಳೆದದ್ದು ನಾನು."

ಮಗಳಿಗೆ ಹೆರಿಗೆಯಾಗಿ, ಮೂರು ತಿಂಗಳು ತುಂಬಿದ ಮೇಲೆ ಆ ಭಾಗವನ್ನು ಅವಳ ಕೈಗೆ ಕೊಟ್ಟೆ. ಅವಳು ಚೀಟಿಯನ್ನು ಮೊದಲು ಓದಿದಳು. ಯಾರು ಇವರು ಎಂದು ಕೇಳಿದಳು, ಹೇಳಿದೆ. ಅವರು ಕಳೆಯಲಿಲ್ಲ ಎಂದು ಒಲೆಯ ಮುಂದೆ ಅಂದು ಆಡಿದ ಆ ಮಾತನ್ನು ನಾನು ಅದಕ್ಕೂ ಮೊದಲು ಒಂದು ಅಂಗಡಿಯ ಮೆಟ್ಟಿಲ ಮೇಲೆ, ಬಳೆಯವರಿಗೂ ಗಂಧದಕಡ್ಡಿಯವರಿಗೂ ಕೇಳುವಂತೆ ಆಡಬೇಕಿತ್ತು. ಹೋದ ವಾರ ಆ ಅಂಟಿನ ವಾಸನೆ ಹಿಡಿದು ಆ ತಿರುವಿನವರೆಗೂ ಹೋಗಿ ನೋಡಿದೆ. ಬಕೆಟ್ಟಿನ ಅಂಗಡಿಯ ಮುಂದೆ ಹಳೆಯ ಕಲ್ಲು ಮೆಟ್ಟಿಲು ಹಾಗೆಯೇ ಇದೆ. ಮಂಡಿ ನೋಯುತ್ತಿತ್ತು, ಸ್ವಲ್ಪ ಹೊತ್ತು ಅಲ್ಲಿ ಕೂತು ಬಂದೆ.